ಗಂಡನ ಮೇಲೆ ಅನುಮಾನ, ಮನಸ್ಸಿನೊಳಗೆ ಬೇರೊಬ್ಬರು: ನಾನು ಕೆಟ್ಟವಳೇ?

ಪ್ರಶ್ನೆ: ನನಗೆ 38 ವರ್ಷ, ಬ್ಯಾಂಕಿನಲ್ಲಿ ಕೆಲಸ. ವಿಜಯನಗರದಲ್ಲಿ ಮನೆ. ಮದುವೆಯಾಗಿ 12 ವರ್ಷ. ನಮ್ಮ ಯಜಮಾನರು ಹೊರವರ್ತುಲ ರಸ್ತೆಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿದ್ದಾರೆ. ಮಗಳಿಗೆ ಒಂಬತ್ತು, ಮಗನಿಗೆ ಐದು. ಅವನು ಈಗಲೂ ನಮ್ಮಿಬ್ಬರ ನಡುವೆಯೇ ಮಲಗುತ್ತಾನೆ. ಪಕ್ಕದ ಕೋಣೆಯಲ್ಲಿ ಅತ್ತೆ. ಒಂದು ವರ್ಷದಿಂದ ಇವರ ಟೀಮಿಗೆ ಬಂದ ಹುಡುಗಿಯೊಬ್ಬಳು ಇವರ ಜೊತೆ ಒಂದೇ ಕ್ಯಾಬಿನಲ್ಲಿ ಓಡಾಡುತ್ತಾಳೆ. ಊಟಕ್ಕೆ ಕೂತರೂ ಅವಳ ಸುದ್ದಿ. ಇವರು ಸ್ನಾನಕ್ಕೆ ಹೋದಾಗ ಫೋನ್ ತೆಗೆದು ನೋಡುತ್ತೇನೆ. ಏನೂ ಸಿಕ್ಕಿಲ್ಲ. ಸಿಗದಿದ್ದಷ್ಟೂ ಅನುಮಾನ ಜಾಸ್ತಿಯಾಗುತ್ತಿದೆ. ಇನ್ನೊಂದು ವಿಷಯ ಹೇಳಲು ನಾಚಿಕೆ. ಈ ಹೊಟ್ಟೆಕಿಚ್ಚು ಶುರುವಾದ ಮೇಲೆ, ವರ್ಷಗಳಿಂದ ಇಲ್ಲದ ಆಸೆ ಇವರ ಮೇಲೆ ಬಂದಿದೆ. ಆದರೆ ಕೂಡಿದಾಗ ನನ್ನ ಕಣ್ಣಮುಂದೆ ಬರುವುದು ಬೇರೆ ಗಂಡಸು. ಯೋಗ ಕ್ಲಾಸಿಗೆ ಬರುವ, ನಾನು ಸರಿಯಾಗಿ ಮಾತೂ ಆಡದ ಒಬ್ಬರು. ಆ ಕಲ್ಪನೆಯಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ, ಆತುರವೂ ಇರುವುದಿಲ್ಲ. ಮಾರನೇ ದಿನ ದೇವರಿಗೆ ದೀಪ ಹಚ್ಚಲೂ ಅಳುಕು. ನಾನೇ ಹೀಗಿದ್ದು ಇವರನ್ನು ಅನುಮಾನಿಸುವುದು ಸರಿಯೇ? ಎಲ್ಲವನ್ನೂ ಇವರಿಗೆ ಹೇಳಿಬಿಡಲೇ? ನಮ್ಮಕ್ಕ ಇವರ ಫೋನಿಗೆ ಗೊತ್ತಾಗದ ಹಾಗೆ ಒಂದು ಆ್ಯಪ್ ಹಾಕು ಅನ್ನುತ್ತಾಳೆ. ಇಲ್ಲದಿದ್ದರೆ ಜ್ಯೋತಿಷಿ ಹತ್ತಿರ ಹೋಗೋಣ ಅಂತಾಳೆ. ನಾನು ಕೆಟ್ಟವಳಾ ಡಾಕ್ಟ್ರೇ?
ಹೆಸರು ಬೇಡ, ಬೆಂಗಳೂರು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ನೀವು ಕೆಟ್ಟವರಲ್ಲ. ಗಂಡನಿಗೆ ಮೋಸವನ್ನೂ ಮಾಡಿಲ್ಲ. ಇದನ್ನು ಸಮಾಧಾನಕ್ಕಾಗಿ ಹೇಳುತ್ತಿಲ್ಲ. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದಕ್ಕೊಂದು ಸುತ್ತಿಕೊಂಡಿವೆ: ಕಲ್ಪನೆ, ಹೊಟ್ಟೆಕಿಚ್ಚು, ಬಯಕೆ. ಒಂದನ್ನು ಇನ್ನೊಂದಕ್ಕೆ ಸಾಕ್ಷಿ ಮಾಡಿಕೊಂಡು ನಿಮ್ಮ ಮೇಲೂ ಪತಿಯ ಮೇಲೂ ತೀರ್ಪು ಕೊಟ್ಟುಬಿಟ್ಟಿದ್ದೀರಿ. ಅವನ್ನು ಬಿಡಿಸಿ ನೋಡೋಣ.

ಮೊದಲು ಕಲ್ಪನೆ. ಸಂಗಾತಿಯ ಜೊತೆಗಿರುವಾಗಲೇ ಬೇರೊಬ್ಬರು ಮನಸ್ಸಿಗೆ ಬರುವುದು ಬಹಳ ಸಾಮಾನ್ಯ. ಅಮೆರಿಕದಲ್ಲಿ ಹಿಕ್ಸ್ ಮತ್ತು ಲೈಟನ್‌ಬರ್ಗ್ ಎಂಬ ಸಂಶೋಧಕರು ಸಂಗಾತಿಯಿರುವ 349 ಜನರನ್ನು ಕೇಳಿ 2001ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಹಿಂದಿನ ಎರಡು ತಿಂಗಳಲ್ಲಿ ತಮ್ಮ ಸಂಗಾತಿಯಲ್ಲದ ಯಾರನ್ನಾದರೂ ಲೈಂಗಿಕವಾಗಿ ಕಲ್ಪಿಸಿಕೊಂಡಿದ್ದೆವು ಎಂದವರು ಗಂಡಸರಲ್ಲಿ ಶೇ 98, ಹೆಂಗಸರಲ್ಲಿ ಶೇ 80. ಅದು ಅಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮತ್ತು ನೌಕರರ ಲೆಕ್ಕ, ಅದೇ ಸಂಖ್ಯೆ ನಮಗೂ ಹೊಂದುತ್ತದೆ ಎನ್ನುವಂತಿಲ್ಲ. ಆದರೆ ಇಲ್ಲಿ ನನ್ನೆದುರು ಕೂತು ಇದೇ ಮಾತು ಹೇಳುವ ಹೆಂಗಸರು ಅಪರೂಪವೇನಲ್ಲ. ಮೊದಲು ತಲೆನೋವು, ನಿದ್ದೆ ಬರುವುದಿಲ್ಲ ಎಂದು ಶುರು ಮಾಡುತ್ತಾರೆ. ಎರಡನೇ ಸಲ ಬಂದಾಗ, ಎದ್ದು ಹೊರಡುವ ಹೊತ್ತಿಗೆ, ಬಾಗಿಲ ಬಳಿ ನಿಂತು ಇದನ್ನು ಹೇಳುತ್ತಾರೆ. ನೀವು ಬರೆದು ಕಳಿಸಿದ್ದೀರಿ. ಅದಕ್ಕೆ ಬೇಕಾದ ಧೈರ್ಯ ಎಷ್ಟೆಂದು ನನಗೆ ಗೊತ್ತು.

ಆ ಯೋಚನೆ ಬಂದ ಕೂಡಲೇ ತಳ್ಳಿಹಾಕಲು ನೋಡುತ್ತಿರಬೇಕು. ಅದರಿಂದ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಮನೋವಿಜ್ಞಾನಿ ಡೇನಿಯಲ್ ವೆಗ್ನರ್ 1987ರಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಎಂದು ಜನರಿಗೆ ಹೇಳಿ, ಅದು ನೆನಪಾದಾಗಲೆಲ್ಲ ಗಂಟೆ ಬಾರಿಸಲು ಹೇಳಿದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಈಗ ಯೋಚಿಸಬಹುದು ಎಂದಾಗ, ಮೊದಲಿನಿಂದಲೂ ಯೋಚಿಸಲು ಬಿಟ್ಟಿದ್ದವರಿಗಿಂತ ಇವರಿಗೇ ಕರಡಿ ಹೆಚ್ಚಾಗಿ ಬಂತು. ಹಾಸಿಗೆಯಲ್ಲಿ ನಿಮಗೆ ಆಗುತ್ತಿರುವುದೂ ಅದೇ. ಬಂದದ್ದು ಬರಲಿ, ಹೋಗಲಿ. ಅದನ್ನು ತಡೆದು ನಿಲ್ಲಿಸಿ ವಿಚಾರಣೆ ಮಾಡಬೇಡಿ.

ಆ ಯೋಗ ಕ್ಲಾಸಿನವರ ವಿಷಯದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಅವರು ಹೇಗಿದ್ದಾರೆ, ಎತ್ತರವೋ ಕುಳ್ಳೋ, ನೀವು ಒಂದು ಮಾತೂ ಬರೆದಿಲ್ಲ. ಬರೆದದ್ದು ಯಾರೂ ಬಾಗಿಲು ತಟ್ಟುವುದಿಲ್ಲ, ಆತುರ ಇರುವುದಿಲ್ಲ ಎಂದು. ಕಲ್ಪನೆ ಬಹಳ ಸಲ ಹೀಗೇ ಕೆಲಸ ಮಾಡುತ್ತದೆ. ಒಬ್ಬ ವ್ಯಕ್ತಿ ಬೇಕು ಎನ್ನುವುದಕ್ಕಿಂತ, ಒಂದು ಸ್ಥಿತಿ ಬೇಕು ಎಂದು ಅದು ಹೇಳುತ್ತಿರುತ್ತದೆ. ಸರಿಯಾಗಿ ಪರಿಚಯವೇ ಇಲ್ಲದ ವ್ಯಕ್ತಿಯನ್ನು ಮನಸ್ಸು ಆರಿಸಿಕೊಳ್ಳುವುದಕ್ಕೂ ಕಾರಣವಿದೆ. ಆ ವ್ಯಕ್ತಿಗೆ ನಿಮ್ಮ ಅತ್ತೆ ಗೊತ್ತಿಲ್ಲ, ಮಗನ ಹೋಂವರ್ಕ್ ಗೊತ್ತಿಲ್ಲ, ಕಳೆದ ವರ್ಷದ ಜಗಳಗಳು ಗೊತ್ತಿಲ್ಲ. ಅವರ ಜೊತೆ ಯಾವ ಬಾಕಿಯೂ ಇಲ್ಲ. ನೀವು ಎಚ್ಚರ ವಹಿಸಬೇಕಾದ ಹಂತವೂ ಒಂದಿದೆ. ಅವರಿಗೆ ಮೆಸೇಜ್ ಮಾಡಲು ನೆಪ ಹುಡುಕುವುದು, ಅವರು ಬರುವ ಸಮಯ ನೋಡಿ ಕ್ಲಾಸ್ ಬದಲಿಸಿಕೊಳ್ಳುವುದು, ಅದನ್ನು ಮನೆಯಲ್ಲಿ ಮುಚ್ಚಿಡುವುದು ಶುರುವಾದರೆ ವಿಷಯ ಕಲ್ಪನೆಯನ್ನು ದಾಟಿ ನಡತೆಗೆ ಬಂದಿದೆ ಎಂದರ್ಥ. ನಿಮ್ಮ ಪತ್ರದಲ್ಲಿ ಅದರ ಸುಳಿವಿಲ್ಲ.

ದೀಪ ಹಚ್ಚಲು ಅಳುಕು ಎಂದಿರಿ. ನಮ್ಮ ಹಿರಿಯರು ಅರಿಷಡ್ವರ್ಗ ಎಂದು ಪಟ್ಟಿ ಮಾಡಿದಾಗ ಕಾಮವನ್ನು ಮೊದಲಿಗೆ ಇಟ್ಟರು, ಮಾತ್ಸರ್ಯವನ್ನು ಕೊನೆಗೆ. ಯಾರೋ ಕೆಲವು ಪಾಪಿಗಳಿಗಾಗಿ ಮಾಡಿದ ಪಟ್ಟಿ ಅದಲ್ಲ, ದೀಪ ಹಚ್ಚುವ ಎಲ್ಲರ ಒಳಗೂ ಆ ಆರೂ ಇರುತ್ತವೆ. ಅಳುಕಿಲ್ಲದೆ ಹಚ್ಚಿ.

ಇನ್ನು ಒಂದು ಕಷ್ಟದ ಮಾತಿದೆ. ಕಲ್ಪನೆಗೆ ನಾನು ನಿಮಗೆ ಕೊಟ್ಟ ಈ ಬಿಡುವನ್ನು ನೀವು ನಿಮ್ಮ ಪತಿಗೂ ಕೊಡಬೇಕಾಗುತ್ತದೆ. ಆ ಹುಡುಗಿ ಅವರ ಮನಸ್ಸಿಗೆ ಒಮ್ಮೆಯೂ ಬಂದಿರಲಿಕ್ಕಿಲ್ಲ ಎಂದು ನಾನು ಹೇಳಲಾರೆ. ಬಂದಿರಬಹುದು. ಆದರೆ ನಿಮ್ಮ ಮನಸ್ಸಿಗೆ ಯೋಗ ಕ್ಲಾಸಿನವರು ಬಂದರೂ ನೀವು ಈ ಸಂಸಾರ ಬಿಟ್ಟು ಎಲ್ಲಿಗೂ ಹೊರಟಿಲ್ಲವಲ್ಲ? ಅವರ ವಿಷಯದಲ್ಲೂ ಅಷ್ಟೇ ಸಾಧ್ಯತೆಯಿದೆ. ಇದನ್ನು ಓದುವಾಗ ಹೊಟ್ಟೆಯಲ್ಲಿ ಸಂಕಟವಾದರೆ, ಆ ಸಂಕಟವನ್ನು ಸ್ವಲ್ಪ ಹೊತ್ತು ಹಾಗೇ ಇರಗೊಡಿ. ಅದು ಕರಗಲು ಸಮಯ ಬೇಕು.

ನಾನೇ ಹೀಗಿದ್ದು ಅವರನ್ನು ಅನುಮಾನಿಸುವುದು ಸರಿಯೇ ಎಂದು ಕೇಳಿದ್ದೀರಿ. ಹೊಟ್ಟೆಕಿಚ್ಚಿನ ಒಂದು ಗುಟ್ಟನ್ನು ನೀವೇ ಹಿಡಿದಿದ್ದೀರಿ. 1922ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಅಸೂಯೆಯನ್ನು ಮೂರು ಬಗೆಯಾಗಿ ನೋಡಿದರು. ಎಲ್ಲರಿಗೂ ಬರುವ ಸಹಜ ಅಸೂಯೆ, ತನ್ನೊಳಗಿನ ಆಸೆಯನ್ನು ಸಂಗಾತಿಯ ಮೇಲೆ ಹೊರಿಸುವ ಅಸೂಯೆ, ಭ್ರಮೆಯ ಅಸೂಯೆ. ಫ್ರಾಯ್ಡ್ ಹೇಳಿದ ಎಷ್ಟೋ ವಿಷಯ ಈಗ ಯಾರೂ ಒಪ್ಪುವುದಿಲ್ಲ. ಆದರೆ ಈ ಎರಡನೆಯ ಬಗೆಯನ್ನು ದಂಪತಿಗಳ ಜೊತೆ ಕೆಲಸ ಮಾಡುವ ಎಷ್ಟೋ ಜನ ತಳ್ಳಿಹಾಕುವುದಿಲ್ಲ. ತನ್ನ ಮನಸ್ಸು ಅತ್ತ ಹರಿದಿದ್ದು ತನಗೇ ಗೊತ್ತಾದಾಗ, ಅವರದ್ದೂ ಹರಿದಿರಬೇಕು ಎಂಬ ಲೆಕ್ಕ ತಾನಾಗಿ ನಡೆಯುತ್ತದೆ. ನಿಮ್ಮಲ್ಲಿ ಮೊದಲ ಎರಡೂ ಬೆರೆತಿವೆ ಎಂದು ನನಗನ್ನಿಸುತ್ತದೆ. ಹೆಂಡತಿಯ ಎದುರು ದಿನವೂ ಇನ್ನೊಬ್ಬಳ ಸುದ್ದಿ ಹೇಳುವವರನ್ನು ನೋಡಿ ಕಸಿವಿಸಿಯಾಗುವುದು ಸಹಜ. ಅದಕ್ಕೆ ನೀವು ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ.

ಗಂಡಸಿನ ಅಸೂಯೆ ದೇಹದ ಬಗ್ಗೆ, ಹೆಂಗಸಿನದು ಮನಸ್ಸಿನ ಬಗ್ಗೆ ಎಂಬ ಮಾತನ್ನು ನೀವು ಎಲ್ಲಾದರೂ ಓದಿರಬಹುದು. 1992ರಲ್ಲಿ ಡೇವಿಡ್ ಬಸ್ ಮತ್ತು ಸಂಗಡಿಗರ ಅಧ್ಯಯನದಿಂದ ಅದು ಹೆಸರಾಯಿತು, ಆಮೇಲೆ ಕ್ರಿಸ್ಟೀನ್ ಹ್ಯಾರಿಸ್ ಮುಂತಾದವರು ಅದನ್ನು ಬಲವಾಗಿ ಪ್ರಶ್ನಿಸಿದರು. ನಿಮಗೆ ಅದರಿಂದ ಉಪಯೋಗವಿಲ್ಲ. ಹೆಚ್ಚು ಉಪಯೋಗಕ್ಕೆ ಬರುವುದು ಫೈಫರ್ ಮತ್ತು ವಾಂಗ್ 1989ರಲ್ಲಿ ಮಾಡಿದ ವಿಂಗಡಣೆ. ಅಸೂಯೆಯಲ್ಲಿ ಯೋಚನೆ, ಭಾವನೆ, ನಡವಳಿಕೆ ಎಂದು ಮೂರು ಪಾಲು. ಅವಳಿಗೂ ಇವರಿಗೂ ಏನಿದೆಯೋ ಎಂಬುದು ಯೋಚನೆ. ಎದೆ ಹೊಡೆದುಕೊಳ್ಳುವುದು ಭಾವನೆ. ಸ್ನಾನದ ಹೊತ್ತಿಗೆ ಫೋನ್ ತೆಗೆಯುವುದು ನಡವಳಿಕೆ. ಮೊದಲೆರಡು ಕೇಳದೇ ಬರುತ್ತವೆ. ಮೂರನೆಯದು ಮಾತ್ರ ನಿಮ್ಮ ಕೈಯಲ್ಲಿದೆ, ಮತ್ತು ಅದೇ ಮೊದಲೆರಡನ್ನೂ ಸಾಕುತ್ತಿದೆ.

ಹೇಗೆಂದರೆ, ಫೋನ್ ನೋಡಿದಾಗ ಏನೂ ಸಿಗುವುದಿಲ್ಲ. ಅರ್ಧ ಗಂಟೆ ಹಾಯೆನಿಸುತ್ತದೆ. ಆಮೇಲೆ, ಅಳಿಸಿಹಾಕಿರಬಹುದು ಎನ್ನಿಸುತ್ತದೆ. ಮತ್ತೆ ನೋಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಲಾಸ್ಟ್ ಸೀನ್ ನೋಡಬೇಕು. ಅವಳ ಸ್ಟೇಟಸ್ ನೋಡಬೇಕು. ಗೀಳು ರೋಗದಲ್ಲಿ ಬೀಗ ಹಾಕಿದೆಯಾ ಎಂದು ಮತ್ತೆ ಮತ್ತೆ ಎಳೆದು ನೋಡುವವರಲ್ಲಿ ನಾವು ಕಾಣುವ ಚಕ್ರ ಇದೇ. ಪರೀಕ್ಷೆ ಮಾಡಿದಷ್ಟೂ ಖಾತ್ರಿ ಕಡಿಮೆಯಾಗುತ್ತದೆ. ನಿಮಗೆ ಗೀಳು ರೋಗವಿದೆ ಎಂದು ಹೇಳುತ್ತಿಲ್ಲ, ಚಕ್ರ ಒಂದೇ ಥರದ್ದು ಎನ್ನುತ್ತಿದ್ದೇನೆ. ಅದನ್ನು ಕಡಿಯಲು ಚಿಕಿತ್ಸೆಯಲ್ಲಿ ಮಾಡುವ ಉಪಾಯವೂ ಒಂದೇ. ನೋಡಬೇಕು ಎನ್ನಿಸಿದಾಗ ತಕ್ಷಣ ನೋಡದೆ ಮುಂದೂಡುವುದು. ಮೊದಲು ಹತ್ತು ನಿಮಿಷ, ಆಮೇಲೆ ಅರ್ಧ ಗಂಟೆ, ಆಮೇಲೆ ನಾಳೆಗೆ. ಆ ಹೊತ್ತಿನಲ್ಲಿ ತಳಮಳ ಏರುತ್ತದೆ, ಒಂದು ಹಂತದಲ್ಲಿ ನಿಲ್ಲುತ್ತದೆ, ತಾನಾಗಿ ಇಳಿಯುತ್ತದೆ. ಇಳಿಯುವುದನ್ನು ಒಂದು ಸಲ ಕಂಡರೆ ಎರಡನೇ ಸಲ ಸುಲಭ. ಅವರು ಸ್ನಾನಕ್ಕೆ ಹೋಗುವ ಹೊತ್ತಿಗೆ ನೀವು ಆ ಕೋಣೆಯಲ್ಲೇ ಇರದ ಹಾಗೆ ನೋಡಿಕೊಳ್ಳಿ.

ಅಕ್ಕ ಹೇಳಿದ ಆ್ಯಪ್ ದಯವಿಟ್ಟು ಬೇಡ. ಇನ್ನೊಬ್ಬರ ಫೋನಿಗೆ ಅವರ ಒಪ್ಪಿಗೆಯಿಲ್ಲದೆ ಬೇಹುಗಾರಿಕೆ ಆ್ಯಪ್ ಹಾಕುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಅಪರಾಧವಾಗಬಹುದು, ಗಂಡ ಹೆಂಡತಿ ಎಂಬ ವಿನಾಯಿತಿ ಅದಕ್ಕಿಲ್ಲ. ಕಾನೂನಿಗಿಂತ ನನ್ನನ್ನು ಹೆಚ್ಚು ಕಾಡುವುದು, ಅದು ಸಿಕ್ಕಿಬಿದ್ದ ದಿನ ಏನಾಗುತ್ತದೆ ಎಂಬುದು. ಇವತ್ತು ನಿಮ್ಮ ಮನೆಯಲ್ಲಿ ಒಬ್ಬರಿಗೆ ಅನುಮಾನವಿದೆ. ಅವತ್ತಿನಿಂದ ಇಬ್ಬರಿಗೂ ಇರುತ್ತದೆ. ವಶೀಕರಣ, ಗಂಡ ಹೆಂಡತಿ ಸಮಸ್ಯೆ ಇಪ್ಪತ್ನಾಲ್ಕು ಗಂಟೆಯಲ್ಲಿ ಪರಿಹಾರ ಎಂದು ಗೋಡೆಗಳ ಮೇಲೆ ಅಂಟಿಸಿರುವ ಚೀಟಿಗಳ ನಂಬರಿಗೆ ಫೋನ್ ಮಾಡಿ ದುಡ್ಡು ಕಳೆದುಕೊಂಡು, ಹೆದರಿಕೊಂಡು, ಕೊನೆಗೆ ವೈದ್ಯರಲ್ಲಿಗೆ ಬರುವವರಿದ್ದಾರೆ. ನಿಮ್ಮ ಅಂತರಂಗದ ವಿಷಯವನ್ನು ಅಂಥವರ ಕೈಗೆ ಕೊಡಬೇಡಿ. ಅದೇ ವಿಷಯ ಹಿಡಿದು ಆಮೇಲೆ ಹೆದರಿಸುವವರೂ ಇದ್ದಾರೆ.

ಈಗ ನಿಮ್ಮನ್ನು ಹೆಚ್ಚು ನಾಚಿಸಿದ ವಿಷಯಕ್ಕೆ ಬರುತ್ತೇನೆ. ಹೊಟ್ಟೆಕಿಚ್ಚು ಬಂದ ಮೇಲೆ ಆಸೆ ಯಾಕೆ ಬಂತು? ನನ್ನ ಮಟ್ಟಿಗೆ ನಿಮ್ಮ ಪತ್ರದ ತಿರುಳು ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಒಂದು ಕಾರಣ ಶರೀರದ್ದು. ಭಯವಾದಾಗ ಎದೆಬಡಿತ ಹೆಚ್ಚುತ್ತದೆ, ಉಸಿರಾಟ ವೇಗವಾಗುತ್ತದೆ, ಮೈ ಎಚ್ಚರವಾಗುತ್ತದೆ. ಆಸೆಯಾದಾಗಲೂ ಹಾಗೆಯೇ. ಒಂದರ ಉದ್ರೇಕ ಇನ್ನೊಂದಕ್ಕೆ ಹರಿಯಬಲ್ಲದು. ಡಟನ್ ಮತ್ತು ಆರನ್ 1974ರಲ್ಲಿ ಪ್ರಕಟಿಸಿದ ಪ್ರಯೋಗ ನಡೆದದ್ದು ಕೆನಡಾದ ವ್ಯಾಂಕೂವರ್ ಹತ್ತಿರದ ಕ್ಯಾಪಿಲಾನೊ ತೂಗುಸೇತುವೆಯ ಮೇಲೆ. ಆಳವಾದ ಕಣಿವೆಯ ಮೇಲೆ ಅಲುಗಾಡುವ ಸೇತುವೆ ದಾಟುತ್ತಿದ್ದ ಗಂಡಸರನ್ನು ಒಬ್ಬ ಹೆಣ್ಣುಮಗಳು ಮಾತನಾಡಿಸಿ ಫೋನ್ ನಂಬರ್ ಕೊಟ್ಟಳು. ಗಟ್ಟಿಯಾದ ತಗ್ಗು ಸೇತುವೆಯ ಮೇಲೆ ಅವಳು ಮಾತನಾಡಿಸಿದವರಿಗಿಂತ ಈ ತೂಗುಸೇತುವೆಯವರೇ ಹೆಚ್ಚಾಗಿ ಆಮೇಲೆ ಫೋನ್ ಮಾಡಿದರು. ನೀವು ಒಂದು ವರ್ಷದಿಂದ ಭಯದಲ್ಲಿದ್ದೀರಿ. ನಿಮ್ಮ ಮೈ ಎಚ್ಚರವಾಗಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಕಾರಣ ದೊಡ್ಡದು. 12 ವರ್ಷದಲ್ಲಿ ನಿಮ್ಮ ಪತಿ ನಿಮಗೆ ಪೂರ್ತಿ ಗೊತ್ತಿರುವ ಮನುಷ್ಯರಾಗಿಬಿಟ್ಟರು. ಎಷ್ಟು ಹೊತ್ತಿಗೆ ಏಳುತ್ತಾರೆ, ಯಾವ ಮಾತಿಗೆ ಏನು ಹೇಳುತ್ತಾರೆ, ಎಲ್ಲವೂ ಗೊತ್ತು. ಈಗ ಒಬ್ಬ ಹುಡುಗಿ ಅವರ ಮಾತು ಕೇಳಿ ನಗುತ್ತಾಳೆ ಎಂದು ತಿಳಿದ ದಿನ, ಅವಳ ಕಣ್ಣಿಂದ ನೀವು ಅವರನ್ನು ನೋಡಿದಿರಿ. ನಿಮಗೆ ಗೊತ್ತಿಲ್ಲದ ಏನೋ ಅವರಲ್ಲಿದೆ ಎನ್ನಿಸಿತು. ಬಯಕೆಗೆ ಸ್ವಲ್ಪ ಅಪರಿಚಯ ಬೇಕು, ನೆಮ್ಮದಿಗೆ ಪೂರ್ತಿ ಪರಿಚಯ ಬೇಕು. ದೀರ್ಘ ದಾಂಪತ್ಯದಲ್ಲಿ ಈ ಎರಡೂ ಒಬ್ಬರೇ ವ್ಯಕ್ತಿಯಿಂದ ಸಿಗಬೇಕಾಗಿರುವುದೇ ಕಷ್ಟ. ನಿಮಗೆ ಆ ಅಪರಿಚಯ ಮರಳಿ ಸಿಕ್ಕಿದೆ, ಆದರೆ ಬಹಳ ದುಬಾರಿ ಬೆಲೆಗೆ. ನೋವಿಲ್ಲದೆಯೂ ಅದನ್ನು ಪಡೆಯಬಹುದು. ಆರ್ಥರ್ ಆರನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ದಂಪತಿಗಳ ಕೈಕಾಲು ಜೋಡಿಸಿ ಕಟ್ಟಿ, ಮಂಡಿಯೂರಿ, ಒಂದು ಸ್ಪಂಜಿನ ಉರುಳೆಯನ್ನು ಕೈ ಬಳಸದೆ ತಳ್ಳಿಕೊಂಡು ಹೋಗುವ ಆಟ ಆಡಿಸಿದರು. ಏಳು ನಿಮಿಷದ ಆಟ. ನೀರಸ ಕೆಲಸ ಕೊಟ್ಟ ಜೋಡಿಗಳಿಗಿಂತ ಇವರಿಗೆ ತಮ್ಮ ಸಂಬಂಧ ಹೆಚ್ಚು ಚೆನ್ನಾಗಿ ಕಂಡಿತು. ಮನೆಯಲ್ಲಿ ಉರುಳೆ ತಳ್ಳಬೇಕಿಲ್ಲ. ಇಬ್ಬರಿಗೂ ಬಾರದ ಒಂದು ಕೆಲಸಕ್ಕೆ ಇಬ್ಬರೂ ಕೈ ಹಾಕಿ. ಈಜು, ಚಾರಣ, ತಬಲಾ, ಯಾವುದಾದರೂ ಸರಿ. ಅಥವಾ ಅವರು ಚೆನ್ನಾಗಿ ಮಾಡುವ ಕೆಲಸವನ್ನು ಮಾಡುತ್ತಿರುವಾಗ ದೂರದಿಂದ ನೋಡಿ. ಅವರಿಗೂ ನಿಮ್ಮನ್ನು ಹಾಗೆ ನೋಡುವ ಅವಕಾಶ ಸಿಗಲಿ. ನೀವು ಬ್ಯಾಂಕಿನಲ್ಲಿ ಕೌಂಟರಿನ ಹಿಂದೆ ಹೇಗಿರುತ್ತೀರಿ ಎಂದು ಅವರು ಎಂದಾದರೂ ನೋಡಿದ್ದಾರೆಯೇ?

ಈ ಹೊಸ ಆಸೆಯ ಬಗ್ಗೆ ನೀವೇ ಮಾಡಿಕೊಳ್ಳಬಹುದಾದ ಒಂದು ಪರೀಕ್ಷೆ ಇದೆ. ಮಿಲನದ ನಂತರ ಮೈ ಹಗುರವಾಗಿ, ಅವರ ಪಕ್ಕ ಮಲಗಿರಲು ಹಿತವೆನಿಸುತ್ತದೆಯೇ? ಅಥವಾ ಸದ್ಯ ಇನ್ನೂ ನನ್ನವರೇ ಎಂದು ಸಮಾಧಾನವಾಗಿ, ಹತ್ತು ನಿಮಿಷದಲ್ಲಿ ಮತ್ತೆ ಫೋನಿನ ನೆನಪಾಗುತ್ತದೆಯೇ? ಎರಡನೆಯದಾದರೆ ಅದರಲ್ಲಿ ಆಸೆಗಿಂತ ಆತಂಕದ ಪಾಲು ಹೆಚ್ಚು. ಮಗು ಅಮ್ಮನನ್ನು ಯಾಕೆ ಬಿಗಿಯಾಗಿ ಹಿಡಿಯುತ್ತದೆ ಎಂದು ಬ್ರಿಟನ್ನಿನ ಮನೋವೈದ್ಯ ಜಾನ್ ಬೋಲ್ಬಿ ವಿವರಿಸಿದ್ದನ್ನು 1987ರಲ್ಲಿ ಹೇಜನ್ ಮತ್ತು ಶೇವರ್ ದೊಡ್ಡವರ ಪ್ರೇಮಕ್ಕೂ ಅನ್ವಯಿಸಿ ತೋರಿಸಿದರು. ಕಳೆದುಕೊಳ್ಳುವ ಭಯ ಬಂದಾಗ ದೊಡ್ಡವರೂ ಹತ್ತಿರ ಸರಿಯುತ್ತಾರೆ, ಕೆಲವರು ಮಾತಿನಿಂದ, ಕೆಲವರು ಮೈಯಿಂದ. ಅದು ತಪ್ಪಲ್ಲ. ಆದರೆ ಭರವಸೆ ಬೇಕಾಗಿದ್ದರೆ ಭರವಸೆಯನ್ನೇ ಕೇಳುವುದು ಒಳ್ಳೆಯದು. ಮಿಲನ ಅದರ ಬದಲಿಯಾಗಿ ಬಹಳ ದಿನ ಸಾಲುವುದಿಲ್ಲ.

ಲೈಂಗಿಕತೆಯ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಕಿನ್ಸೆ ಸಂಸ್ಥೆಯ ಜಾನ್ ಬ್ಯಾಂಕ್ರಾಫ್ಟ್ ಮತ್ತು ಎರಿಕ್ ಜಾನ್ಸೆನ್ 1990ರ ದಶಕದಲ್ಲಿ ಲೈಂಗಿಕ ಉದ್ರೇಕವನ್ನು ವಿವರಿಸಿದ ರೀತಿಯನ್ನು ಈಗ ವೈದ್ಯರು ಕಾರಿನ ಹೋಲಿಕೆ ಕೊಟ್ಟು ಹೇಳುತ್ತಾರೆ. ಮಿದುಳಿನಲ್ಲಿ ಆಕ್ಸಿಲರೇಟರ್ ಒಂದು, ಬ್ರೇಕ್ ಒಂದು, ಎರಡೂ ಬೇರೆ ಬೇರೆ. ಆಸೆ ಕಡಿಮೆಯಾಗಿದೆ ಎಂದು ಬರುವ ಎಷ್ಟೋ ಜನರಲ್ಲಿ ಆಕ್ಸಿಲರೇಟರ್ ಸರಿಯಾಗಿಯೇ ಇರುತ್ತದೆ, ಬ್ರೇಕಿನ ಮೇಲಿಂದ ಕಾಲು ತೆಗೆದಿರುವುದಿಲ್ಲ. ನಿಮ್ಮ ಮನೆಯ ಬ್ರೇಕುಗಳು ನೀವು ಬರೆದ ನಾಲ್ಕು ಸಾಲಿನಲ್ಲೇ ಕಾಣುತ್ತವೆ. ನಡುವೆ ಮಲಗಿದ ಮಗ. ಗೋಡೆಯಾಚೆ ಅತ್ತೆ. ವಿಜಯನಗರದಿಂದ ಹೊರವರ್ತುಲ ರಸ್ತೆಗೆ ಹೋಗಿ ಬರುವುದರಲ್ಲೇ ಹಿಂಡಿಹೋದ ಪತಿ. ಬ್ಯಾಂಕಿಂದ ಬಂದು ಅಡಿಗೆ, ಹೋಂವರ್ಕ್, ನಾಳೆಯ ತಿಂಡಿ ಎಂದು ಹನ್ನೊಂದು ಗಂಟೆಯವರೆಗೆ ನಿಂತೇ ಇರುವ ನೀವು. ಈ ಊರಿನ ಎಷ್ಟೋ ದಂಪತಿಗಳು ಪ್ರೀತಿ ಮುಗಿಯಿತು ಎಂದುಕೊಂಡು ನನ್ನಲ್ಲಿ ಬರುತ್ತಾರೆ. ಕೇಳುತ್ತಾ ಹೋದರೆ ಮುಗಿದಿರುವುದು ಏಕಾಂತ ಮತ್ತು ನಿದ್ದೆ. ಇದನ್ನು ಕೇಳುವಾಗ ನನಗೆ ಪ್ರತಿ ಸಲವೂ ದುಃಖವಾಗುತ್ತದೆ, ಯಾಕೆಂದರೆ ಇದು ಸರಿಪಡಿಸಬಹುದಾದ್ದು.

ಮಗನಿಗೆ ಐದು ವರ್ಷ. ಅಕ್ಕನ ಕೋಣೆಯಲ್ಲೋ ಅಜ್ಜಿಯ ಪಕ್ಕದಲ್ಲೋ ಮಲಗುವ ಅಭ್ಯಾಸಕ್ಕೆ ಇದು ಸರಿಯಾದ ವಯಸ್ಸು. ಕೆಲವು ವಾರ ಎದ್ದು ಬರುತ್ತಾನೆ, ಎತ್ತಿಕೊಂಡು ಹೋಗಿ ಮಲಗಿಸಿ. ಕೋಣೆಗೆ ಒಳಗಿನಿಂದ ಚಿಲಕ ಹಾಕಿಸಿ. ಅತ್ತೆ ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ, ಅವರೂ ಸಂಸಾರ ಮಾಡಿದವರು.

ಆಸೆ ತಾನಾಗಿ ಹುಟ್ಟಲಿ, ಆಮೇಲೆ ಹತ್ತಿರವಾಗೋಣ ಎಂದು ಕಾಯುವುದೂ ಬೇಡ. ಕೆನಡಾದ ವೈದ್ಯೆ ರೋಸ್‌ಮೇರಿ ಬ್ಯಾಸನ್ 2000ದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದರು. ದೀರ್ಘ ಸಂಬಂಧದಲ್ಲಿರುವ ಬಹಳಷ್ಟು ಹೆಂಗಸರಿಗೆ ಆಸೆ ಮೊದಲು ಬರುವುದಿಲ್ಲ. ಸ್ಪರ್ಶ, ಸಲುಗೆ, ಮೆಲುಮಾತು ಶುರುವಾದ ಮೇಲೆ ಅದು ಹಿಂದಿನಿಂದ ಬರುತ್ತದೆ. ಸ್ಪರ್ಶವನ್ನು ಮರಳಿ ಕಲಿಯಲು ಮಾಸ್ಟರ್ಸ್ ಮತ್ತು ಜಾನ್ಸನ್ 1970ರಲ್ಲಿ ವಿವರಿಸಿದ ಅಭ್ಯಾಸವನ್ನೇ ಇಂದಿಗೂ ನಾವು ಹೇಳಿಕೊಡುತ್ತೇವೆ. ಕೆಲವು ವಾರ ಮಿಲನವೇ ಬೇಡ ಎಂದು ಇಬ್ಬರೂ ಒಪ್ಪಿಕೊಳ್ಳಬೇಕು. ವಾರಕ್ಕೆರಡು ಸಲ, ಅರ್ಧ ಗಂಟೆ, ಒಬ್ಬರು ಮುಟ್ಟುವುದು, ಇನ್ನೊಬ್ಬರು ಸುಮ್ಮನೆ ಅನುಭವಿಸುವುದು, ಆಮೇಲೆ ಅದಲುಬದಲು. ಮೊದಮೊದಲು ಎದೆ ಮತ್ತು ಗುಪ್ತಾಂಗಗಳನ್ನು ಬಿಟ್ಟು ಕೈ, ಬೆನ್ನು, ಕುತ್ತಿಗೆ, ಪಾದ. ಎಲ್ಲಿಗೂ ತಲುಪಬೇಕಿಲ್ಲ ಎಂದಾಗ ಆತುರ ತಾನಾಗಿ ಹೋಗುತ್ತದೆ. ನಿಮ್ಮ ಕಲ್ಪನೆ ಕೇಳುತ್ತಿದ್ದದ್ದು ಅದನ್ನೇ ಅಲ್ಲವೇ?

ಇನ್ನು, ಎಲ್ಲವನ್ನೂ ಹೇಳಿಬಿಡಲೇ ಎಂದು ಕೇಳಿದ್ದೀರಿ. ಎರಡು ವಿಷಯಕ್ಕೆ ಎರಡು ಉತ್ತರ.

ಯೋಗ ಕ್ಲಾಸಿನವರ ವಿಷಯ ಹೇಳಬೇಡಿ. ಇದನ್ನು ನಾನು ಖಚಿತವಾಗಿ ಹೇಳುತ್ತೇನೆ, ಗಂಡ ಹೆಂಡತಿ ನಡುವೆ ಏನೂ ಮುಚ್ಚಿಡಬಾರದು ಎನ್ನುವವರು ಒಪ್ಪದಿದ್ದರೂ ಸರಿ. ಅದನ್ನು ಹೇಳಿದರೆ ಹಗುರವಾಗುವುದು ನೀವು, ಹೊರುವುದು ಅವರು. ಒಂದು ಮುಖ, ಒಂದು ಹೆಸರು ಸಿಕ್ಕ ಮೇಲೆ ನಿಮ್ಮ ತಲೆಯಲ್ಲಿ ಈಗ ಓಡುತ್ತಿರುವ ಸಿನಿಮಾ ಅವರ ತಲೆಯಲ್ಲೂ ಓಡಲು ಶುರುವಾಗುತ್ತದೆ. ಆ ಕಲ್ಪನೆಯಿಂದ ನಿಮಗೆ ತಿಳಿದದ್ದನ್ನು ಮಾತ್ರ ಹೇಳಿ. ನನಗೆ ಆತುರವಿಲ್ಲದೆ ಇರುವುದು ಇಷ್ಟ. ಬಾಗಿಲು ಹಾಕಿರಬೇಕು. ಇಲ್ಲಿ ಮುಟ್ಟಿದರೆ ಹಿತ. ಇಷ್ಟು ಸಾಕು.

ಹೊಟ್ಟೆಕಿಚ್ಚಿನ ವಿಷಯ ಮಾತ್ರ ಹೇಳಲೇಬೇಕು, ಅದೂ ಬೇಗ. ಮಲಗುವ ಕೋಣೆಯಲ್ಲಿ ಬೇಡ, ರಾತ್ರಿ ಬೇಡ, ಅತ್ತೆಗೆ ಕೇಳಿಸುವ ಹಾಗೂ ಬೇಡ. ಒಂದು ಭಾನುವಾರ ಬೆಳಗ್ಗೆ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಇಬ್ಬರೇ ಹೊರಡಿ. ವಿಜಯನಗರದಲ್ಲಿ ಮೆಟ್ರೊ ಹತ್ತಿದರೆ ಎಲ್ಲೂ ಬದಲಿಸದೆ ಕಬ್ಬನ್ ಪಾರ್ಕ್ ನಿಲ್ದಾಣ. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ. ಎದುರುಬದುರು ಕೂರುವುದಕ್ಕಿಂತ ಪಕ್ಕಪಕ್ಕ ನಡೆಯುತ್ತಾ ಇಂಥ ಮಾತು ಆಡುವುದು ಸುಲಭ. ಎಷ್ಟೋ ಗಂಡಸರು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಮುದುಡಿಕೊಳ್ಳುತ್ತಾರೆ, ಹೆಜ್ಜೆ ಹಾಕುತ್ತಿದ್ದರೆ ಮಾತಾಡುತ್ತಾರೆ.

ಅವಳು ಯಾರು, ಏನು ಎಂದು ಶುರು ಮಾಡಿದರೆ ಅದು ವಿಚಾರಣೆಯಾಗುತ್ತದೆ, ಅವರು ವಕೀಲರ ಹಾಗೆ ಉತ್ತರ ಕೊಡುತ್ತಾರೆ. ನಿಮ್ಮಿಂದ ಶುರು ಮಾಡಿ. ‘ರೀ, ಒಂದು ವಿಷಯ ಹೇಳ್ತೀನಿ, ಬೈಬೇಡಿ, ಮಧ್ಯೆ ಬಾಯಿ ಹಾಕ್ಬೇಡಿ. ಒಂದು ವರ್ಷದಿಂದ ನಂಗೆ ಭಯ ಆಗ್ತಿದೆ. ನೀವು ದಿನಾ ಆಫೀಸಿನ ಆ ಹುಡುಗಿ ಬಗ್ಗೆ ಖುಷಿಯಾಗಿ ಮಾತಾಡ್ತೀರ, ನನ್ ಹತ್ರ ಮಾತಾಡುವಾಗ ಸುಸ್ತಾಗಿರ್ತೀರ. ನೀವು ತಪ್ಪು ಮಾಡಿದೀರ ಅಂತ ನಾನು ಹೇಳ್ತಿಲ್ಲ. ನಂಗೂ ಆ ಥರ ಸ್ವಲ್ಪ ಹೊತ್ತು ಬೇಕು.’ ಇದಿಷ್ಟನ್ನು ನಿಮ್ಮದೇ ಮಾತಿನಲ್ಲಿ ಹೇಳಿ. ಫೋನ್ ನೋಡಿದ್ದನ್ನೂ ಅದೇ ದಿನ ಹೇಳಿಬಿಡಿ, ಇನ್ನು ನೋಡುವುದಿಲ್ಲ ಎನ್ನಿ. ಅವರಿಗೆ ಸಿಟ್ಟು ಬರಬಹುದು. ಆ ಸಿಟ್ಟಿಗೆ ಅವರಿಗೆ ಹಕ್ಕಿದೆ. ಸಿಟ್ಟು ಬಂದದ್ದೇ ತಪ್ಪಿನ ಗುರುತು ಎಂದು ಅರ್ಥ ಮಾಡಿಕೊಳ್ಳಬೇಡಿ.

ಕ್ಯಾಬ್ ಬಿಡಿ, ಅವಳ ಜೊತೆ ಮಾತು ನಿಲ್ಲಿಸಿ ಎಂದು ಕೇಳುವುದು ನನಗೆ ಸರಿಕಾಣುವುದಿಲ್ಲ. ಒಂದೇ ಕಡೆ ಕೆಲಸ ಮಾಡುವ ಗಂಡು ಹೆಣ್ಣು ಒಂದೇ ಕ್ಯಾಬಿನಲ್ಲಿ ಬರುವುದು ಈ ಊರಿನ ದಿನನಿತ್ಯ. ಆ ಹುಡುಗಿ ಯಾರದೋ ಮಗಳು, ಕೆಲಸಕ್ಕೆ ಬಂದವಳು. ನಿಮ್ಮ ನೋವಿಗೆ ಅವಳನ್ನು ಹೊಣೆ ಮಾಡುವ ಆಧಾರ ಇದುವರೆಗೆ ನಿಮ್ಮಲ್ಲಿಲ್ಲ. ಆದರೆ ಇಬ್ಬರೂ ಕೂತು ಕೆಲವು ಗೆರೆಗಳನ್ನು ಎಳೆದುಕೊಳ್ಳಬಹುದು. ರಾತ್ರಿ ಹತ್ತರ ಮೇಲೆ ಆಫೀಸಿನ ಯಾರ ಜೊತೆಗೂ ಹರಟೆ ಬೇಡ ಎಂದೋ, ಮನೆಯ ಜಗಳವನ್ನು ಹೊರಗಿನವರಲ್ಲಿ ಹೇಳಿಕೊಳ್ಳುವುದು ಬೇಡ ಎಂದೋ. ಆ ಗೆರೆ ನಿಮಗೂ ಅನ್ವಯಿಸಬೇಕು.

ಒಂದು ವೇಳೆ ಅಲ್ಲಿ ನಿಜವಾಗಿ ಸಂಬಂಧವಿದೆ ಎಂದು ಅವರೇ ಹೇಳಿದರೆ, ಅದು ಬೇರೆಯೇ ಪ್ರಶ್ನೆ. ಅವತ್ತೇ ಯಾವ ನಿರ್ಧಾರವನ್ನೂ ತೆಗೆದುಕೊಳ್ಳಬೇಡಿ. ಕಾನೂನಿನ ಮಾತು ಬಂದರೆ ಗೊತ್ತಿರಲಿ: ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ಭಾರತೀಯ ದಂಡ ಸಂಹಿತೆಯ 497ನೇ ಕಲಂ ರದ್ದು ಮಾಡಿದ ಮೇಲೆ ವಿವಾಹೇತರ ಸಂಬಂಧ ಜೈಲಿಗೆ ಹಾಕುವ ಅಪರಾಧವಲ್ಲ. ವಿಚ್ಛೇದನಕ್ಕೆ ಅದು ಈಗಲೂ ಕಾರಣವಾಗಬಲ್ಲದು.

ಈ ಪತ್ರವನ್ನು ಬೇರೆಯವರೂ ಓದುತ್ತಾರೆ, ಹಾಗಾಗಿ ಇನ್ನೊಂದು ಮಾತು. ಸಂಗಾತಿ ಮೋಸ ಮಾಡುತ್ತಿದ್ದಾರೆ ಎಂಬ ನಂಬಿಕೆ ಯಾವ ವಿವರಣೆಗೂ ಅಲುಗಾಡದೆ, ಒಳ ಉಡುಪು ಪರೀಕ್ಷಿಸುವುದು, ಹಿಂಬಾಲಿಸುವುದು, ಕೋಣೆಯಲ್ಲಿ ಕೂಡಿಹಾಕುವುದು, ಹೊಡೆಯುವುದು ಶುರುವಾದರೆ ಅದನ್ನು ಪ್ರೀತಿ ಜಾಸ್ತಿ ಎಂದು ಸಹಿಸಬೇಡಿ. ಅದು ಭ್ರಮೆಯ ಅಸೂಯೆಯಿರಬಹುದು. ಹಲವು ವರ್ಷ ವಿಪರೀತ ಕುಡಿಯುವವರಲ್ಲಿ ನಾವು ಇದನ್ನು ಹೆಚ್ಚಾಗಿ ಕಾಣುತ್ತೇವೆ. ಇದಕ್ಕೆ ಔಷಧ ಇದೆ, ಮತ್ತು ಇದರಲ್ಲಿ ಪ್ರಾಣಾಪಾಯವೂ ಇದೆ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಕ್ಷಣೆ ಕೇಳಬಹುದು.

ನಿಮ್ಮ ವಿಷಯಕ್ಕೆ ಮರಳಿದರೆ, ಮಾತನಾಡುವ ಮೊದಲೇ ಇಬ್ಬರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಥೈರಾಯ್ಡ್ ಕಡಿಮೆಯಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ ಆಸೆ ಇಳಿಯುತ್ತದೆ. ಬಿಪಿಯ ಕೆಲವು ಮಾತ್ರೆಗಳು, ಖಿನ್ನತೆಗೆ ಕೊಡುವ ಎಷ್ಟೋ ಮಾತ್ರೆಗಳು ಸಹ ಅದನ್ನು ತಗ್ಗಿಸುತ್ತವೆ. ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರಿಗೆ ಹೇಳಿ, ಬದಲಿ ಇರುತ್ತದೆ. ಪತಿ ಜೋರಾಗಿ ಗೊರಕೆ ಹೊಡೆದು ಹಗಲೆಲ್ಲ ತೂಕಡಿಸುತ್ತಾರಾದರೆ ಅದನ್ನೂ ತೋರಿಸಿ. ಗುಪ್ತರೋಗ ತಜ್ಞರು ಎಂದು ಬೋರ್ಡ್ ಹಾಕಿಕೊಂಡವರ ಬಳಿಗೆ ಹೋಗುವ ಬದಲು ಮನೋವೈದ್ಯರು, ಸ್ತ್ರೀರೋಗ ತಜ್ಞರು ಅಥವಾ ಮೂತ್ರರೋಗ ತಜ್ಞರ ಬಳಿಗೆ ಹೋಗಿ.

ಮಾತು ಮುರಿದುಬಿದ್ದರೆ ಮೂರನೆಯವರೊಬ್ಬರು ನಡುವೆ ಕೂರುವುದು ಬಹಳ ನೆರವಾಗುತ್ತದೆ. ನಿಮ್ಹಾನ್ಸ್‌ನಲ್ಲಿ ದಂಪತಿ ಮತ್ತು ಕುಟುಂಬಗಳಿಗೆ ಆಪ್ತಸಮಾಲೋಚನೆ ಇದೆ. ಮನೆಯಿಂದ ಹೊರಡುವುದೇ ಕಷ್ಟ ಎನ್ನುವ ದಿನಗಳಲ್ಲಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಅದು, ಉಚಿತ, ಕನ್ನಡದಲ್ಲೇ ಮಾತನಾಡಬಹುದು, ರಾತ್ರಿಯೂ ಇರುತ್ತಾರೆ. ಪತಿ ಕೌನ್ಸೆಲಿಂಗಿಗೆ ಬರಲು ಒಪ್ಪದಿದ್ದರೆ ನೀವೊಬ್ಬರೇ ಹೋಗಿ. ಬಹಳಷ್ಟು ಮನೆಗಳಲ್ಲಿ ಹಾಗೆಯೇ ಶುರುವಾಗುತ್ತದೆ. ಒಬ್ಬರು ಎರಡು ಮೂರು ಸಲ ಬಂದು ಹೋದ ಮೇಲೆ, ಅಲ್ಲಿ ನನ್ನ ಬಗ್ಗೆ ಏನು ಹೇಳುತ್ತಿದ್ದಾರೋ ನೋಡೋಣ ಎಂದಾದರೂ ಇನ್ನೊಬ್ಬರು ಬರುತ್ತಾರೆ. ಹಾಗೆ ಬಂದವರ ಜೊತೆಗೂ ಕೆಲಸ ಶುರು ಮಾಡಬಹುದು.